ಮುಂಬಯಿಯಿಂದ ಕಾಡಿಗೆ ಒಂದು ದಿನ: ಯಾವ ಗಾಡಿ ಹತ್ತಬೇಕು, ಎಲ್ಲಿ ಇಳಿಯಬೇಕು

ಡೊಂಬಿವಲಿಯ ನಮ್ಮ ಮನೆಗೆ ಊರಿನಿಂದ ಬಂದ ನೆಂಟರು ಮೊದಲೆರಡು ದಿನ ಸಮುದ್ರ, ಸಿದ್ಧಿವಿನಾಯಕ, ಮಹಾಲಕ್ಷ್ಮಿ ಎಂದು ಸುತ್ತುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತು, ಎದುರಿನ ಕಟ್ಟಡಗಳನ್ನು ನೋಡುತ್ತ ಕೇಳುತ್ತಾರೆ: "ಇಲ್ಲಿ ಎಲ್ಲೂ ಕಾಡೇ ಇಲ್ಲವೇನೋ?"

ಇದೆ, ಹತ್ತಿರದಲ್ಲೇ ಇದೆ. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೊಂದೇ 100 ಚದರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿದೆ. ಒಂದು ಅಂಚು ಮುಂಬಯಿಯಲ್ಲಿ, ಇನ್ನೊಂದು ಠಾಣೆಯಲ್ಲಿ. ಪನ್ವೇಲ್ ಆಚೆಗೆ ಕರ್ನಾಳಾ ಪಕ್ಷಿಧಾಮ, ನೇರಳ್ ಮೇಲಿನ ಬೆಟ್ಟದಲ್ಲಿ ಮಾಥೇರಾನ್, ವಸಯಿಯ ಪೂರ್ವಕ್ಕೆ ತುಂಗಾರೇಶ್ವರ. ನಾಲ್ಕರಲ್ಲಿ ಯಾವುದಕ್ಕೇ ಆದರೂ ಬೆಳಿಗ್ಗೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಕಾರು ಇರಲೇಬೇಕೆಂದಿಲ್ಲ.

ಆದರೂ ಒಮ್ಮೆ ಹೋಗಿ ಬಂದು "ಇನ್ನು ಸಾಕಪ್ಪ" ಎಂದ ಮನೆಗಳನ್ನು ಬಹಳ ಕಂಡಿದ್ದೇನೆ. ಅವರನ್ನು ದಣಿಸಿದ್ದು ಲೋಕಲ್ ರೈಲಲ್ಲ. ಸ್ಟೇಷನ್ನಿನಿಂದ ಕಾಡಿನ ಬಾಗಿಲವರೆಗಿನ ಕೊನೆಯ ತುಂಡು ದಾರಿ ದಣಿಸಿತು. ಸಂಜೆ ಅದೇ ತುಂಡು ದಾರಿಯನ್ನು ಹಿಂದಕ್ಕೆ ದಾಟುವುದು ಇನ್ನಷ್ಟು ದಣಿಸಿತು. ಹಾಗಾಗಿ ಕಾಡಿನ ಸೊಬಗಿಗಿಂತ ಹೆಚ್ಚಾಗಿ ಆ ದಾರಿಯ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾರ ನೋಡಿ

ಬೋರಿವಲಿಯ ಉದ್ಯಾನಕ್ಕೆ ಸೋಮವಾರ ರಜೆ. ಒಳಗಿರುವ ಕಾನ್ಹೇರಿ ಗುಹೆಗಳೂ ಅಂದು ಸಿಗುವುದಿಲ್ಲ. ಭಾನುವಾರ ಎಲ್ಲರಿಗೂ ಬಿಡುವು ಎಂಬುದು ನಿಜ, ಆದರೆ ಅದು ರೈಲ್ವೆಯ ಮೆಗಾ ಬ್ಲಾಕ್ ದಿನವೂ ಹೌದು. ಹಳಿ ದುರಸ್ತಿಗಾಗಿ ಮಧ್ಯ ರೈಲ್ವೆಯ ಮುಖ್ಯ ಮಾರ್ಗ ಮತ್ತು ಹಾರ್ಬರ್ ಮಾರ್ಗಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಸುಮಾರಿನಿಂದ ಸಂಜೆ ನಾಲ್ಕರ ಸುಮಾರಿನವರೆಗೆ ಕೆಲವು ಗಾಡಿಗಳು ರದ್ದಾಗುತ್ತವೆ, ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ. ಪಶ್ಚಿಮ ರೈಲ್ವೆಯಲ್ಲೂ ಆಗಾಗ ಜಂಬೊ ಬ್ಲಾಕ್ ಇರುತ್ತದೆ. ಯಾವ ಮಾರ್ಗ, ಎಷ್ಟು ಹೊತ್ತು ಎಂಬುದು ಒಂದೆರಡು ದಿನ ಮೊದಲೇ ಪತ್ರಿಕೆಯಲ್ಲಿ ಬರುತ್ತದೆ. ಎಂ-ಇಂಡಿಕೇಟರ್ ಆಪ್‌ನಲ್ಲೂ ಸಿಗುತ್ತದೆ. ಭಾನುವಾರವೇ ಹೋಗಬೇಕಾದರೆ ಹತ್ತು ಗಂಟೆಯೊಳಗೆ ಕಾಡಿನ ಬಾಗಿಲಲ್ಲಿರಿ, ನಾಲ್ಕರ ನಂತರ ಹಿಂದಿರುಗಿ. ನನ್ನನ್ನು ಕೇಳಿದರೆ ಶನಿವಾರವೇ ಒಳ್ಳೆಯದು. ಬೆಳಿಗ್ಗೆ ಕಚೇರಿಯ ಜನವೆಲ್ಲ ನಗರದ ಕಡೆಗೆ ಹೋಗುತ್ತಿರುತ್ತಾರೆ, ನೀವು ಎದುರು ದಿಕ್ಕಿಗೆ ಹೊರಟಿರುತ್ತೀರಿ. ಕಿಟಕಿಯ ಪಕ್ಕದ ಜಾಗವೇ ಸಿಗಬಹುದು.

ಆಮೇಲೆ ನಿಮ್ಮ ಸ್ಟೇಷನ್ ನೋಡಿ

ಯಾವ ಕಾಡು ಚೆಂದ ಎಂದು ಕೇಳುವ ಮೊದಲು, ನಿಮ್ಮ ಮನೆಯ ಮುಂದಿನ ಹಳಿ ಯಾವ ಕಡೆಗೆ ಹೋಗುತ್ತದೆ ಎಂದು ನೋಡಬೇಕು. ಗೋರೆಗಾಂವ್, ಮಲಾಡ್, ಮೀರಾ ರೋಡ್ ಕಡೆಯವರಿಗೆ ಬೋರಿವಲಿ ಅಂಗಳವಿದ್ದಂತೆ. ವಾಶಿ, ನೆರೂಳ್, ಚೆಂಬೂರು ಕಡೆಯವರಿಗೆ ಕರ್ನಾಳಾ. ಮುಲುಂಡ್, ಡೊಂಬಿವಲಿ, ಕಲ್ಯಾಣದವರಿಗೆ ಮಾಥೇರಾನ್. ಎರಡು ಕಡೆ ಗಾಡಿ ಬದಲಿಸಿ ದೂರದ ಕಾಡಿಗೆ ಹೋಗುವುದಕ್ಕಿಂತ ಒಂದೇ ಗಾಡಿಯಲ್ಲಿ ಹತ್ತಿರದ್ದಕ್ಕೆ ಹೋಗಿ ಎರಡು ಗಂಟೆ ಹೆಚ್ಚು ಮರದ ಕೆಳಗೆ ಕುಳಿತುಕೊಳ್ಳುವುದು ಮೇಲು. ಮಕ್ಕಳು, ವಯಸ್ಸಾದವರು ಜೊತೆಗಿದ್ದರಂತೂ ಇದು ಖಂಡಿತ.

ಬೋರಿವಲಿ: ಮೊದಲ ಸಲ ಹೋಗುವವರಿಗೆ

ಪಶ್ಚಿಮ ಮಾರ್ಗದವರು ಚರ್ಚ್‌ಗೇಟ್, ದಾದರ್, ಅಂಧೇರಿ ಎಲ್ಲಿಂದಾದರೂ ಫಾಸ್ಟ್ ಲೋಕಲ್ ಹಿಡಿದು ಬೋರಿವಲಿಯಲ್ಲಿ ಇಳಿದು ಪೂರ್ವಕ್ಕೆ ಹೊರಬರಬೇಕು. ಪಶ್ಚಿಮಕ್ಕೆ ಇಳಿದರೆ ಮತ್ತೆ ಮೇಲ್ಸೇತುವೆ ಹತ್ತಬೇಕಾದೀತು. ಅಲ್ಲಿಂದ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಕಡೆಗೆ ನಡೆದರೆ ಇಪ್ಪತ್ತು ನಿಮಿಷದೊಳಗೆ ಉದ್ಯಾನದ ಮುಖ್ಯ ದ್ವಾರ. ನಡೆಯಲಾರದವರಿಗೆ ರಿಕ್ಷಾ ಇದೆ. "ನ್ಯಾಷನಲ್ ಪಾರ್ಕ್" ಎಂದರೆ ಸಾಕು, ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಮಧ್ಯ ರೈಲ್ವೆಯ ನಮ್ಮಂಥವರಿಗೆ ಹಿಂದೆ ಇದೇ ದೊಡ್ಡ ತಲೆನೋವಾಗಿತ್ತು. ದಾದರಿನಲ್ಲಿ ಇಳಿದು, ಆ ಸೇತುವೆಯ ಜನಜಂಗುಳಿಯಲ್ಲಿ ಮಕ್ಕಳ ಕೈಹಿಡಿದು ದಾಟಿ, ಪಶ್ಚಿಮ ಮಾರ್ಗದ ಗಾಡಿಗೆ ನುಗ್ಗಬೇಕಿತ್ತು. ಈಗ ಮೆಟ್ರೊ ಇದೆ. 2023ರ ಜನವರಿಯಲ್ಲಿ ಮೆಟ್ರೊ 7ನೆಯ ಮಾರ್ಗ ಗುಂದವಲಿಯವರೆಗೆ ಪೂರ್ತಿಯಾದ ಮೇಲೆ ನಾನು ದಾದರಿನ ಹಾದಿ ಬಿಟ್ಟೇಬಿಟ್ಟೆ. ಕ್ರಮ ಹೀಗೆ: ಲೋಕಲ್‌ನಲ್ಲಿ ಘಾಟ್‌ಕೋಪರ್. ಪ್ಲಾಟ್‌ಫಾರ್ಮಿನ ಸೇತುವೆಯಿಂದಲೇ ಮೆಟ್ರೊ ನಿಲ್ದಾಣಕ್ಕೆ ದಾರಿಯಿದೆ, ರಸ್ತೆಗೆ ಇಳಿಯಬೇಕಿಲ್ಲ. ವರ್ಸೋವಾ ಕಡೆಯ ಮೆಟ್ರೊ ಹತ್ತಿ, ಅಂಧೇರಿಗೆ ಒಂದು ನಿಲ್ದಾಣ ಮೊದಲೇ, 'ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ' ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸೇತುವೆಯ ಮೇಲೆ ನಡೆದರೆ ಗುಂದವಲಿ. ದಹಿಸರ್ ಕಡೆಯ ಗಾಡಿ ಹತ್ತಿ 'ರಾಷ್ಟ್ರೀಯ ಉದ್ಯಾನ' ಎಂಬ ಹೆಸರಿನ ನಿಲ್ದಾಣದಲ್ಲೇ ಇಳಿದರಾಯಿತು. ಈ ಗಾಡಿಯಲ್ಲಿ ಬಲಬದಿಯ ಕಿಟಕಿ ಹಿಡಿಯಿರಿ. ಕಟ್ಟಡಗಳ ಸಂದಿಯಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುವ ಹಸಿರು ಗುಡ್ಡವೇ ನೀವು ಹೊರಟಿರುವ ಕಾಡು. ಮಂಡಿನೋವಿನ ನನ್ನ ತಂದೆಯವರನ್ನು ಹೀಗೇ ಕರೆದೊಯ್ದೆ. ಮೆಟ್ರೊ ನಿಲ್ದಾಣಗಳಲ್ಲೆಲ್ಲ ಲಿಫ್ಟ್ ಇದೆ, ಹಾಗಾಗಿ ಘಾಟ್‌ಕೋಪರ್‌ನಲ್ಲಿ ಒಂದಿಷ್ಟು ಮೆಟ್ಟಿಲು ಬಿಟ್ಟರೆ ಅವರಿಗೆ ಮತ್ತೆಲ್ಲೂ ಹತ್ತಿಳಿಯುವ ಕಷ್ಟ ಬರಲಿಲ್ಲ.

ಠಾಣೆಯವರಿಗೆ ಘೋಡ್‌ಬಂದರ್ ರಸ್ತೆಯ ಮೂಲಕ ಬೋರಿವಲಿಗೆ ನೇರ ಬಸ್ಸುಗಳಿವೆ. ಆದರೆ ಆ ರಸ್ತೆಯ ದಟ್ಟಣೆ ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಬೆಳಿಗ್ಗೆ ಏಳರೊಳಗೆ ಹೊರಟರೆ ಮಾತ್ರ ಬಸ್ಸು. ಅಷ್ಟಕ್ಕೂ ಠಾಣೆಯವರು ಬೋರಿವಲಿಗೇ ಹೋಗಬೇಕೆಂದಿಲ್ಲ. ಇದೇ ಕಾಡಿನ ಹಿತ್ತಿಲ ಕಡೆ ಯೇವೂರು ಇದೆ, ಠಾಣೆ ಪಶ್ಚಿಮದಿಂದ ನಗರ ಸಾರಿಗೆಯ ಬಸ್ಸಿನಲ್ಲೇ ಹತ್ತಬಹುದು. ಅರ್ಧ ದಿನದ ಬಿಡುವಿದ್ದರೆ ಅಷ್ಟೇ ಸಾಕು.

ಬಾಗಿಲು ದಾಟಿದ ಮೇಲೆ

ಹೊಸಬರು ಎಡವುವುದು ಇಲ್ಲಿ. ದ್ವಾರ ದಾಟಿದರೆ ಕಾಡು ಬಂತೆಂದು ಅಲ್ಲೇ ಹುಲ್ಲಿನ ಮೇಲೆ ಚಾಪೆ ಹಾಸಿ, ಬುತ್ತಿ ಬಿಚ್ಚಿ, ಮಧ್ಯಾಹ್ನಕ್ಕೆ ಮರಳಿಬಿಡುತ್ತಾರೆ. ಅದು ಇನ್ನೂ ಉದ್ಯಾನದ ಜಗಲಿ. ಒಳಗೆ ಕಾನ್ಹೇರಿ ಗುಹೆಗಳವರೆಗೆ 6 ಕಿ.ಮೀ.ಗೂ ಹೆಚ್ಚು ದಾರಿಯಿದೆ, ಕಾಡು ಆ ದಾರಿಯ ಎರಡೂ ಬದಿಗೆ ಇದೆ.

ಆ ದಾರಿಗೆ ಮೂರು ಉಪಾಯ. ಒಂದು, ಒಳಗಡೆ ಓಡಾಡುವ ಮಿನಿ ಬಸ್. ವಯಸ್ಸಾದವರಿಗೆ ಇದೇ ಸರಿ. ಹತ್ತುವಾಗಲೇ "ಮೇಲಿನಿಂದ ಕೊನೆಯ ಬಸ್ ಎಷ್ಟು ಗಂಟೆಗೆ?" ಎಂದು ಚಾಲಕರನ್ನು ಕೇಳಿ, ಆ ಹೊತ್ತಿಗೆ ಅರ್ಧ ಗಂಟೆ ಮೊದಲೇ ಬಸ್ಸು ನಿಲ್ಲುವ ಜಾಗಕ್ಕೆ ಬನ್ನಿ. ಎರಡು, ಬಾಡಿಗೆಯ ಸೈಕಲ್. ನನಗೆ ಅಚ್ಚುಮೆಚ್ಚಿನದು ಇದು. ಗುರುತಿನ ಚೀಟಿ ಜೊತೆಯಲ್ಲಿರಲಿ. ಸೈಕಲ್ ಕೈಗೆ ಬಂದ ಕೂಡಲೇ ಎರಡೂ ಬ್ರೇಕ್ ಒತ್ತಿ, ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ ನೋಡಿ, ಸರಿಯಿಲ್ಲದಿದ್ದರೆ ಸಂಕೋಚಪಡದೆ ಬದಲಿಸಿಕೊಳ್ಳಿ. ಕಾನ್ಹೇರಿಗೆ ಹೋಗುವಾಗ ಏರು, ಬರುವಾಗ ಇಳಿಜಾರು. ಬರುವಾಗ ಬ್ರೇಕ್ ನಂಬಿಯೇ ಇಳಿಯಬೇಕು. ಮೂರು, ನಡಿಗೆ. ಒಂದೂವರೆ ಗಂಟೆಗೂ ಮೇಲೆ ಹಿಡಿಯುತ್ತದೆ. ಚಳಿಗಾಲದ ಬೆಳಿಗ್ಗೆ, ಹಕ್ಕಿಯ ಹುಚ್ಚಿನವರು ಮಾತ್ರ ಇದನ್ನು ಆರಿಸಿಕೊಳ್ಳಲಿ.

ಕಾನ್ಹೇರಿಯಲ್ಲಿ ಪ್ರತ್ಯೇಕ ಟಿಕೆಟ್ ತೆಗೆದುಕೊಳ್ಳಬೇಕು. ಗುಹೆಗಳು ಪುರಾತತ್ತ್ವ ಇಲಾಖೆಗೆ ಸೇರಿದವು. ಕೃಷ್ಣಗಿರಿ ಎಂಬ ಹೆಸರೇ ಸವೆದು ಕಾನ್ಹೇರಿಯಾಗಿದೆ. ಕರಿಕಲ್ಲಿನ ಬೆಟ್ಟದಲ್ಲಿ ಬೌದ್ಧ ಭಿಕ್ಷುಗಳು ಶತಮಾನಗಳ ಕಾಲ ಕೊರೆಯುತ್ತ ಹೋದ ನೂರಕ್ಕೂ ಹೆಚ್ಚು ಗುಹೆಗಳಿವೆ. ಎಲ್ಲವನ್ನೂ ನೋಡಲು ಹೊರಡಬೇಡಿ. ಮೂರನೆಯ ಗುಹೆಯ ಚೈತ್ಯವನ್ನು, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರವನ್ನು ನೋಡಿ, ಆಮೇಲೆ ಯಾವುದಾದರೂ ಚಿಕ್ಕ ಗುಹೆಯ ಮುಂದಿನ ಕಲ್ಲಿನ ಜಗಲಿಯ ಮೇಲೆ ಕುಳಿತುಕೊಳ್ಳಿ. ಪಕ್ಕದಲ್ಲಿ ಬಂಡೆಯಲ್ಲೇ ಕಡೆದ ನೀರಿನ ತೊಟ್ಟಿ, ಅದಕ್ಕೆ ಮಳೆನೀರು ಹರಿದು ಬರಲೆಂದು ಬೆರಳಗಲದ ಕಾಲುವೆ ಕಾಣುತ್ತದೆ. ನನ್ನ ತಂದೆಯವರು ಗುಹೆಗಿಂತ ಆ ಕಾಲುವೆಯ ವಾಟವನ್ನೇ ಹೆಚ್ಚು ಹೊತ್ತು ನೋಡಿದರು. ಊರಿನಲ್ಲಿ ತೋಟಕ್ಕೆ ನೀರು ತಿರುಗಿಸಿದ ಕೈ ಅವರದು.

ಕೋತಿಗಳಿವೆ. ಪ್ಲಾಸ್ಟಿಕ್ ಚೀಲ ಸರಸರ ಎಂದರೆ ಸಾಕು, ಬಂದು ಕಿತ್ತುಕೊಳ್ಳುತ್ತವೆ. ಚಿತ್ರಾನ್ನ, ಮೊಸರನ್ನ ಏನಿದ್ದರೂ ಸ್ಟೀಲಿನ ಡಬ್ಬಿಯಲ್ಲಿ, ಡಬ್ಬಿ ಜಿಪ್ ಹಾಕಿದ ಚೀಲದಲ್ಲಿ ಇರಲಿ. ಈ ಕಾಡಿನಲ್ಲಿ ಚಿರತೆಗಳೂ ಇವೆ. ಹಗಲು ಹೊತ್ತಿನಲ್ಲಿ ಹತ್ತು ಜನ ಓಡಾಡುವ ದಾರಿಯಲ್ಲಿ ಹೆದರಬೇಕಾದ್ದಿಲ್ಲ, ಆದರೆ ಮಕ್ಕಳು ಗುಂಪಿನಿಂದ ಹಿಂದುಳಿಯದಂತೆ ನೋಡಿಕೊಳ್ಳಿ, ಡಾಂಬರು ರಸ್ತೆ ಬಿಟ್ಟು ಪೊದೆಯೊಳಗೆ ಇಳಿಯಬೇಡಿ, ಸೂರ್ಯ ಇಳಿಯುವ ಮೊದಲೇ ಹೊರಗೆ ಬನ್ನಿ. ಅದು ಅವುಗಳ ಮನೆ. ನಾವು ಅವುಗಳ ಹೊತ್ತಿಗೆ ಅಡ್ಡಬರಬಾರದು.

ಕರ್ನಾಳಾ: ಹೋಗುವುದು ಸುಲಭ, ಬರುವುದು ಕಷ್ಟ

ಊರಿಗೆ ಹೋಗುವ ಕೊಂಕಣ ರೈಲಿನಲ್ಲಿ ಪನ್ವೇಲ್ ದಾಟಿದ ಮೇಲೆ ಕಿಟಕಿಯ ಹೊರಗೆ, ಬೆಟ್ಟದ ನೆತ್ತಿಯಲ್ಲಿ ಹೆಬ್ಬೆರಳು ಎತ್ತಿ ಹಿಡಿದಂತೆ ಒಂದು ಬಂಡೆ ಕಾಣುತ್ತದಲ್ಲ, ಅದೇ ಕರ್ನಾಳಾ ಕೋಟೆ. ಅದರ ಬುಡದ ಕಾಡೇ ಪಕ್ಷಿಧಾಮ. ಮುಂಬಯಿ–ಗೋವಾ ಹೆದ್ದಾರಿ ಅದರ ನಡುವೆಯೇ ಹಾದುಹೋಗುತ್ತದೆ.

ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್), ಕುರ್ಲಾ ಕಡೆಯವರು ಹಾರ್ಬರ್ ಮಾರ್ಗದ ಪನ್ವೇಲ್ ಲೋಕಲ್ ಹಿಡಿಯಲಿ. ಡೊಂಬಿವಲಿ, ಮುಲುಂಡ್ ಕಡೆಯವರು ಠಾಣೆಯಲ್ಲಿ ಇಳಿದು, ಅಲ್ಲಿಂದ ನವಿ ಮುಂಬಯಿಯ ಕಡೆಗೆ ಹೋಗುವ ಟ್ರಾನ್ಸ್‌ಹಾರ್ಬರ್ ಗಾಡಿಗೆ ಬದಲಾಯಿಸಬೇಕು. ನೇರ ಪನ್ವೇಲ್ ಗಾಡಿ ತಪ್ಪಿದರೆ ನೆರೂಳ್‌ನಲ್ಲಿ ಇಳಿದು ಹಾರ್ಬರ್ ಮಾರ್ಗದ್ದನ್ನು ಹಿಡಿಯಬಹುದು. ಪನ್ವೇಲ್ ಸ್ಟೇಷನ್ನಿನಿಂದ ಎಸ್‌ಟಿ (ರಾಜ್ಯ ಸಾರಿಗೆ) ಬಸ್ ನಿಲ್ದಾಣಕ್ಕೆ ರಿಕ್ಷಾ ಮಾಡಿ, ಪೆಣ್ ಅಥವಾ ಅಲಿಬಾಗ್ ಕಡೆಯ ಸಾಮಾನ್ಯ ಬಸ್ ಹತ್ತಿ. ಪಕ್ಷಿಧಾಮ ಸುಮಾರು 12 ಕಿ.ಮೀ. ದೂರ. ಬಸ್ಸಿಗೆ ಕಾಲಿಡುವ ಮೊದಲೇ "ಕರ್ನಾಳಾ ಅಭಯಾರಣ್ಯ ಥಾಂಬಣಾರ್ ಕಾ?" ಎಂದು ನಿರ್ವಾಹಕರನ್ನು ಕೇಳಿಕೊಳ್ಳಿ. ದೂರದ ವೇಗದ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ.

ಸಂಜೆಯ ಕಷ್ಟ ಇರುವುದೂ ಇಲ್ಲೇ. ಮೊದಲ ಸಲ ಹೋದಾಗ ಅಕ್ಕನ ಇಬ್ಬರು ಮಕ್ಕಳೊಂದಿಗೆ ನಾನು ಹೆದ್ದಾರಿಯ ಬದಿಯಲ್ಲಿ ಒಂದೂವರೆ ಗಂಟೆ ಕೈಯೊಡ್ಡಿ ನಿಂತೆ. ಅಲ್ಲಿ ವಾಹನಗಳ ವೇಗ ಎಷ್ಟೆಂದರೆ, ಲಾರಿ ಹಾದಾಗಲೆಲ್ಲ ಚಿಕ್ಕವಳು ನನ್ನ ಸೊಂಟವನ್ನು ಅಪ್ಪಿಕೊಳ್ಳುತ್ತಿದ್ದಳು. ತುಂಬಿದ ಬಸ್ಸುಗಳು ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಆರು ಸೀಟಿನ ರಿಕ್ಷಾವೊಂದು ಕರುಣೆ ತೋರಿತು. ಅಂದಿನಿಂದ ನನ್ನ ನಿಯಮ ಒಂದೇ: ಕರ್ನಾಳಾಕ್ಕೆ ಕುಟುಂಬದೊಂದಿಗೆ ಹೋಗುವಾಗ ಪನ್ವೇಲ್‌ನಲ್ಲೇ ಹೋಗಿಬರುವ ರಿಕ್ಷಾ ಅಥವಾ ಕಾರು ಮಾತಾಡಿಕೊಳ್ಳಬೇಕು, ಎಷ್ಟು ಗಂಟೆ ಕಾಯಬೇಕು, ಕಾಯುವುದಕ್ಕೆ ಎಷ್ಟು ಎಂಬುದನ್ನು ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿ ಹೋಗುವಾಗ ಸಿಗುತ್ತದೆ, ಮರಳುವಾಗ ಕಾಡಿನ ಬಾಗಿಲಿಗೆ ಯಾರೂ ಬರುವುದಿಲ್ಲ. ಇಬ್ಬರು ಮೂವರು ಗೆಳೆಯರು ಮಾತ್ರ ಇದ್ದರೆ ಬಸ್ಸನ್ನು ನಂಬಬಹುದು, ಅದೂ ನಾಲ್ಕು ಗಂಟೆಗೇ ರಸ್ತೆಗೆ ಬಂದರೆ.

ಕೋಟೆ ಹತ್ತುವವರಿಗೆ ಒಂದು ಮಾತು. ಆ ಹೆಬ್ಬೆರಳಿನ ಬಂಡೆಯಲ್ಲಿ ಹೆಜ್ಜೇನು ಗೂಡುಗಳಿರುತ್ತವೆ. ಕೂಗಾಟ, ಬೀಡಿ ಸಿಗರೇಟಿನ ಹೊಗೆ, ಘಾಟು ಸುಗಂಧ ಯಾವುದೂ ಬೇಡ. ಹತ್ತುವ ಹಂಬಲವಿಲ್ಲದವರು ಕೆಳಗಿನ ಕಾಲುದಾರಿಯಲ್ಲೇ ಮೆಲ್ಲನೆ ನಡೆಯಲಿ. ಬಾಲದ ತುದಿಯಲ್ಲಿ ಎರಡು ಗರಿಗಳನ್ನು ಎಳೆದುಕೊಂಡು ಹಾರುವ ಭೀಮರಾಜ ಕಂಡರೆ ಅಂದಿನ ಪ್ರಯಾಣದ ದಣಿವೆಲ್ಲ ಇಳಿಯುತ್ತದೆ.

ಮಾಥೇರಾನ್: ಅಕ್ಷರ ನೋಡಿ ಗಾಡಿ ಹತ್ತಿ

ಮಾಥೇರಾನ್‌ಗೆ ಇಳಿಯಬೇಕಾದ ಸ್ಟೇಷನ್ ನೇರಳ್. ಕರ್ಜತ್ ಮತ್ತು ಖೋಪೋಲಿ ಲೋಕಲ್‌ಗಳು ಮಾತ್ರ ಅಲ್ಲಿಗೆ ಹೋಗುತ್ತವೆ. ಕಲ್ಯಾಣದ ನಂತರ ಹಳಿ ಕವಲೊಡೆದು, ಒಂದು ಕರ್ಜತ್ ಕಡೆಗೂ ಇನ್ನೊಂದು ಕಸಾರಾ ಕಡೆಗೂ ಹೋಗುತ್ತದೆ. ಪ್ಲಾಟ್‌ಫಾರ್ಮಿನ ಫಲಕದಲ್ಲಿ ಕರ್ಜತ್ ಗಾಡಿಗೆ ಇಂಗ್ಲಿಷಿನ 'ಎಸ್', ಕಸಾರಾ ಗಾಡಿಗೆ 'ಎನ್' ಎಂದು ತೋರಿಸುತ್ತಾರೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ನಮ್ಮ ಮನೆಯ ಮಂದಿಯೇ ಒಮ್ಮೆ ಎರಡು ತಂಡವಾಗಿ ಹೊರಟಾಗ, ಹಿಂದೆ ಉಳಿದ ಚಿಕ್ಕಮ್ಮನವರ ತಂಡ ಮುಂದೆ ಬಂದ ಗಾಡಿಗೆ ಹತ್ತಿ ಟಿಟ್ವಾಳಾಕ್ಕೆ ಹೋಗಿ ಇಳಿದಿತ್ತು. ಅಲ್ಲಿಂದ ಕಲ್ಯಾಣಕ್ಕೆ ಮರಳಿ ಮುಂದಿನ ಕರ್ಜತ್ ಗಾಡಿಗೆ ಕಾಯುವಷ್ಟರಲ್ಲಿ ಬೆಳಗಿನ ಹೊತ್ತೆಲ್ಲ ಕಳೆದುಹೋಯಿತು. ಸ್ಲೋ ಗಾಡಿಯಾದರೆ ಕಲ್ಯಾಣದ ಮುಂದೆ ವಿಠ್ಠಲವಾಡಿ ಬಂತೋ ಶಹಾಡ್ ಬಂತೋ ಎಂದು ನೋಡಿ. ಶಹಾಡ್ ಬಂದರೆ ತಕ್ಷಣ ಇಳಿದು ಹಿಂದಿರುಗಿ.

ನೇರಳ್‌ನಿಂದ ಮೇಲಕ್ಕೆ ಎರಡು ದಾರಿ. 1907ರಲ್ಲಿ ಶುರುವಾದ ಎರಡಡಿ ಅಗಲದ ಹಳಿಯ ಪುಟ್ಟ ರೈಲು ಮೊದಲನೆಯದು. ಮಕ್ಕಳಿಗೆ ಅದರಷ್ಟು ಹಿಗ್ಗು ಕೊಡುವುದು ಬೇರೊಂದಿಲ್ಲ, ಆದರೆ ಗಾಡಿಗಳು ಕಡಿಮೆ, ಮೇಲೆ ತಲುಪಲು ಎರಡು ಗಂಟೆಗೂ ಹೆಚ್ಚು ಬೇಕು. ಮಳೆಗಾಲದ ತಿಂಗಳುಗಳಲ್ಲಿ ನೇರಳ್‌ನಿಂದ ಅದು ಹೊರಡುವುದೇ ಇಲ್ಲ. ಒಂದೇ ದಿನದಲ್ಲಿ ಹೋಗಿಬರುವವರಿಗೆ ನನ್ನ ಸಲಹೆ ಇದು: ಸ್ಟೇಷನ್ ಹೊರಗೆ ನಿಂತಿರುವ ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾದವರೆಗೆ ಹೋಗಿ. ವಾಹನಗಳು ಅಲ್ಲಿಗೇ ನಿಲ್ಲಬೇಕು. ಅಲ್ಲಿಂದ ಮುಂದೆ ಮಾಥೇರಾನ್‌ನಲ್ಲಿ ಕಾರು, ಬೈಕು ಯಾವುದಕ್ಕೂ ಪ್ರವೇಶವಿಲ್ಲ. ಪ್ರವೇಶ ಶುಲ್ಕ ಕಟ್ಟಿ, ಪಕ್ಕದ ಅಮನ್ ಲಾಡ್ಜ್ ನಿಲ್ದಾಣದಿಂದ ಮಾರುಕಟ್ಟೆಯವರೆಗೆ ಹೋಗುವ ಶಟಲ್ ರೈಲು ಹಿಡಿಯಿರಿ. ಪುಟ್ಟ ರೈಲಿನ ಆಸೆಯೂ ತೀರಿತು, ಹೊತ್ತೂ ಉಳಿಯಿತು. ಮಳೆಗಾಲದಲ್ಲೂ ಈ ಶಟಲ್ ಓಡುತ್ತದೆ. ಟಿಕೆಟ್ ಸಾಲು ಉದ್ದವಿದ್ದರೆ ಹಳಿಯ ಪಕ್ಕದ ಮಣ್ಣಿನ ದಾರಿಯಲ್ಲಿ ನಡೆದುಬಿಡಿ, ಮುಕ್ಕಾಲು ಗಂಟೆ ಸಾಕು. ಮೇಲೆಲ್ಲ ಮರದ ನೆರಳು.

ಆ ಮಣ್ಣನ್ನು ಕಂಡರೆ ಕರಾವಳಿಯವರಿಗೆ ಪರಿಚಯ ಹೇಳಬೇಕಿಲ್ಲ. ಮುರಕಲ್ಲಿನ ಅದೇ ಕೆಂಪು. ಬೇಸಿಗೆಯಲ್ಲಿ ಧೂಳು, ಮಳೆಯಲ್ಲಿ ಕೆಸರು. ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ, ಹಿಡಿತವಿರುವ ಚಪ್ಪಲಿ ಇರಲಿ. ಕುದುರೆಗಳು ಎದುರಾದಾಗ ಗುಡ್ಡದ ಗೋಡೆಯ ಕಡೆಗೆ ಸರಿದು ನಿಲ್ಲಿ, ಪ್ರಪಾತದ ಕಡೆಗಲ್ಲ.

ತುಂಗಾರೇಶ್ವರ

ಮೀರಾ ರೋಡ್, ವಸಯಿ, ನಾಲಾಸೋಪಾರಾದವರು ವಸಯಿ ರೋಡ್ ಪೂರ್ವದಿಂದ ರಿಕ್ಷಾ ಅಥವಾ ಬಸ್ಸಿನಲ್ಲಿ ತುಂಗಾರೇಶ್ವರ ಫಾಟಾಕ್ಕೆ (ರಸ್ತೆ ಕವಲೊಡೆಯುವ ಜಾಗಕ್ಕೆ) ಹೋಗಿ, ಅಲ್ಲಿಂದ ಕಾಡಿನೊಳಗೆ ಶಿವಾಲಯದವರೆಗೆ ನಡೆಯಬೇಕು. ಡೊಂಬಿವಲಿಯವರಿಗೆ ಪಕ್ಕದ ಕೋಪರ್ ಸ್ಟೇಷನ್ನಿನ ಮೇಲಿನ ಪ್ಲಾಟ್‌ಫಾರ್ಮಿನಿಂದ ದಿವಾ–ವಸಯಿ ಗಾಡಿ ಸಿಗುತ್ತದೆ, ದಿನಕ್ಕೆ ಕೆಲವೇ ಇರುವುದರಿಂದ ಮರಳುವ ಗಾಡಿಯ ಸಮಯವನ್ನು ಬರೆದುಕೊಂಡೇ ಹೊರಡಿ. ಶಿವರಾತ್ರಿ ಮತ್ತು ಶ್ರಾವಣ ಸೋಮವಾರಗಳಲ್ಲಿ ಅಲ್ಲಿ ಜನಸಾಗರ. ಮಳೆಗಾಲದಲ್ಲಿ ತೊರೆಗಳು ತುಂಬಿದಾಗ ಆಡಳಿತ ಪ್ರವೇಶ ನಿಷೇಧಿಸುವುದುಂಟು. ನಿಷೇಧವಿದ್ದರೆ ಅಡ್ಡದಾರಿ ಹುಡುಕಬೇಡಿ, ಬೆಟ್ಟದ ಮೇಲೆ ಸುರಿದ ಮಳೆಯ ನೀರು ಕೆಳಗೆ ಬರುವಾಗ ಸೂಚನೆ ಕೊಟ್ಟು ಬರುವುದಿಲ್ಲ.

ಕಾರು ಯಾವಾಗ

ಎಂಬತ್ತು ದಾಟಿದವರು, ಗಾಲಿಕುರ್ಚಿಯವರು, ಹಾಲೂಡುವ ತಾಯಂದಿರು ಇದ್ದರೆ ಕಾರು ಮಾಡಿ, ಅದಕ್ಕೆ ಎರಡು ಮಾತಿಲ್ಲ. ಉಳಿದವರಿಗೆ ರಜಾದಿನ ಕಾರೆಂದರೆ ಹೆದ್ದಾರಿಯಲ್ಲಿ ನಿಲ್ಲುವುದು, ನಿಲುಗಡೆಗೆ ಜಾಗ ಹುಡುಕುವುದು ಇಷ್ಟೇ. ದಸ್ತೂರಿಗೆ ಹತ್ತುವ ಘಾಟಿ ಕಡಿದಾಗಿದೆ, ತಿರುವುಗಳು ಇಕ್ಕಟ್ಟು; ಘಾಟಿಯಲ್ಲಿ ಓಡಿಸಿ ರೂಢಿಯಿಲ್ಲದವರು ನೇರಳ್‌ನಲ್ಲೇ ಗಾಡಿ ಬಿಟ್ಟು ಸ್ಥಳೀಯ ಟ್ಯಾಕ್ಸಿ ಹತ್ತಲಿ.

ಮರಳುವ ದಾರಿ

ಹೊರಡುವಾಗಲೇ ಹೋಗಿಬರುವ ಟಿಕೆಟ್ ತೆಗೆದುಕೊಂಡರೆ ಸಂಜೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಬೋರಿವಲಿಯಿಂದ ಮರಳುವವರು ವಿರಾರ್‌ನಿಂದ ತುಂಬಿ ಬರುವ ಗಾಡಿಗೆ ನುಗ್ಗದೆ, ಬೋರಿವಲಿಯಿಂದಲೇ ಹೊರಡುವ ಲೋಕಲ್‌ಗೆ ಕಾಯಲಿ. ಹತ್ತು ನಿಮಿಷ ತಡವಾದರೂ ಎಲ್ಲರಿಗೂ ಕೂರಲು ಜಾಗ ಸಿಗುತ್ತದೆ. ನೇರಳ್‌ನಿಂದ ಲೋಕಲ್‌ಗಳ ನಡುವೆ ಅಂತರ ಹೆಚ್ಚು, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಹಾಗಾಗಿ ಮೇಲಿನ ಮಾರುಕಟ್ಟೆಯಲ್ಲಿ ಚಿಕ್ಕಿ ಕೊಳ್ಳುವ ಮೊದಲೇ ಮೊಬೈಲಿನಲ್ಲಿ ಗಾಡಿಯ ಸಮಯ ನೋಡಿ, ಅದರಿಂದ ಎರಡು ಗಂಟೆ ಹಿಂದಕ್ಕೆ ಎಣಿಸಿ: ದಸ್ತೂರಿಗೆ ನಡೆಯಲು ಮುಕ್ಕಾಲು ಗಂಟೆ, ಟ್ಯಾಕ್ಸಿ ತುಂಬಲು ಕಾಯುವುದಕ್ಕೂ ಘಾಟಿ ಇಳಿಯುವುದಕ್ಕೂ ಒಂದು ಗಂಟೆ, ಉಳಿದ ಕಾಲು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರ ತಲೆ ಎಣಿಸುವುದಕ್ಕೆ.